ಮಲಗುವ ಕೋಣೆಗೆ ‘ಟ್ರಾಪಿಕಲ್’ ಅಲಂಕಾರ: ಮೊದಲು ಸಲಹೆ ಕೊಡಿ, ಬೈಗುಳ ಆಮೇಲೆ

ದುರ್ಗದ ಬಿಸಿಲು
ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟ್, ಹೋದ ವರ್ಷ ಕೊಂಡದ್ದು. ಮಲಗುವ ಕೋಣೆ 11 ಅಡಿ ಅಗಲ, 12 ಅಡಿ ಉದ್ದ. ಮಂಚದ ತಲೆಯ ಕಡೆ ಪಶ್ಚಿಮದ ಹೊರಗೋಡೆ. ಕಿಟಕಿ ಒಂದೇ, ದಕ್ಷಿಣಕ್ಕೆ. ಕಟ್ಟಿದವರು ಬಳಿದು ಕೊಟ್ಟ ಕೆನೆಬಣ್ಣ, ಒಂದು ಟ್ಯೂಬ್‌ಲೈಟ್, ಒಂದು ಬೀರು. ರಾತ್ರಿ ದೀಪ ಹಾಕಿದರೆ ಆಸ್ಪತ್ರೆಯ ವಾರ್ಡಿನಲ್ಲಿ ಯಾರನ್ನೋ ನೋಡಲು ಬಂದಂತೆ ಅನಿಸುತ್ತದೆ.

ಹೋದ ಡಿಸೆಂಬರ್‌ನಲ್ಲಿ ಶ್ರೀಲಂಕಾಕ್ಕೆ ಹೋಗಿದ್ದೆವು. ಅಲ್ಲಿ ತಂಗಿದ್ದ ಕೋಣೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬೆತ್ತದ ಕುರ್ಚಿ, ಬಿಳಿ ಸೊಳ್ಳೆಪರದೆ, ಕಿಟಕಿಯ ತುಂಬ ಹಸಿರು. ಅದೇ ಹುಚ್ಚು ಹತ್ತಿದೆ. ಅಂದುಕೊಂಡಿರುವುದು ಇಷ್ಟು: ಮಂಚದ ಹಿಂದಿನ ಗೋಡೆಗೆ ದೊಡ್ಡ ಬಾಳೆ ಎಲೆಗಳ ವಾಲ್‌ಪೇಪರ್, ಬಿದಿರಿನ ಮಂಚ, ನಾಲ್ಕೈದು ಕುಂಡಗಳಲ್ಲಿ ಅಗಲ ಎಲೆಯ ಗಿಡಗಳು, ಅನಾನಸಿನ ಆಕಾರದ ಒಂದು ದೀಪ. 60,000 ರೂಪಾಯಿ ಎತ್ತಿಟ್ಟಿದ್ದೇನೆ. ಗಂಡ ‘ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿದೆಯೋ, ಬೇರೆ ಬಿಲ್ಲೋ’ ಎಂದು ಕೇಳುತ್ತಿದ್ದಾರೆ.

ಹೀಗೆ ಮಾಡಿ ನೋಡಿದವರು ಯಾರಾದರೂ ಇದ್ದೀರಾ?

ಕುಂದಾಪುರದ ಗಾಳಿ
ಅಕ್ಕಾ, ಕರ್ನಾಟಕ ಇರುವುದು 11.5 ಡಿಗ್ರಿಯಿಂದ 18.5 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ. ಕರ್ಕಾಟಕ ಸಂಕ್ರಾಂತಿ ವೃತ್ತ ಇರುವುದು 23.5ರಲ್ಲಿ. ನಿಮ್ಮ ಆಸ್ಪತ್ರೆ ವಾರ್ಡು ಈಗಾಗಲೇ ಉಷ್ಣವಲಯದ ಮಲಗುವ ಕೋಣೆಯೇ. 60,000 ಉಳಿಯಿತು, ನನಗೆ ಅರ್ಧ ಕಳಿಸಿ.

ಅರ್ಧ ಲೋಟ ಕಾಫಿ
ಮೊದಲ ಉತ್ತರದಲ್ಲೇ ಭೂಗೋಳದ ಪಾಠ. ಎಂದಿನಂತೆ.

ಸುಣ್ಣ ಬಳಿಯುವವ
ಇಪ್ಪತ್ತೆರಡು ವರ್ಷದಿಂದ ಗೋಡೆಯ ಕೆಲಸವನ್ನೇ ಮಾಡುತ್ತಿದ್ದೇನೆ. ಪಶ್ಚಿಮದ ಹೊರಗೋಡೆಗೆ ವಾಲ್‌ಪೇಪರ್ ಅಂಟಿಸುವ ಮುನ್ನ ಒಂದು ಮಾತು ಕೇಳಿ. ನೈಋತ್ಯ ಮಾರುತದ ಇರಿಚಲು ಬಡಿಯುವುದು ಅದೇ ಗೋಡೆಗೆ. ಮಳೆಗಾಲದಲ್ಲಿ ಗೋಡೆ ಹೊರಗಿನಿಂದ ನೀರು ಕುಡಿಯುತ್ತದೆ, ಕುಡಿದದ್ದು ಒಳಗಡೆಗೆ ಆರಿ ಹೋಗಬೇಕು. ನೀವು ತರುವುದು ಹೆಚ್ಚಾಗಿ ವಿನೈಲ್ ಲೇಪದ ಕಾಗದ. ಅದು ಗೋಡೆಗೆ ರೈನ್‌ಕೋಟ್ ಹಾಕಿದ ಹಾಗೆ, ಆದರೆ ತಪ್ಪು ಕಡೆಗೆ. ನೀರು ಕಾಗದದ ಹಿಂದೆ ನಿಲ್ಲುತ್ತದೆ, ಅಂಟು ಬೂಸಲಿಗೆ ಊಟವಾಗುತ್ತದೆ. ಎರಡನೇ ಮಳೆಗಾಲಕ್ಕೆ ನಿಮ್ಮ ಬಾಳೆ ಎಲೆಗಳಿಗೆ ನಿಜವಾದ ಕಪ್ಪು ಚುಕ್ಕೆರೋಗ ಬರುತ್ತದೆ.

ಪರೀಕ್ಷೆ ಸುಲಭ. ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಬದಿಗೆ ಗಾಳಿಯಾಡದಂತೆ ಟೇಪು ಅಂಟಿಸಿ ಎರಡು ದಿನ ಬಿಡಿ. ತೆಗೆದಾಗ ಗೋಡೆಯ ಕಡೆ ಹನಿ ಕಂಡರೆ ವಾಲ್‌ಪೇಪರ್ ಆಸೆ ಬಿಡಿ. ಮಳೆಗಾಲದಲ್ಲಿ ಮಾಡಿ, ಮಾರ್ಚ್‌ನಲ್ಲಿ ಮಾಡಿ ‘ಒಣಗಿದೆ’ ಎನ್ನಬೇಡಿ.

ಪುಸ್ತಕದ ಹುಳು
ಬಾಳೆ ಎಲೆಯ ಆ ವಾಲ್‌ಪೇಪರ್ ಹುಟ್ಟಿದ್ದು ಉಷ್ಣವಲಯದಲ್ಲಿ ಅಲ್ಲ ಎಂಬುದು ಗೊತ್ತೇ? 1942ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಲೋಪರ್ ಎಂಬ ವಿನ್ಯಾಸಕ ಮಾಡಿದ್ದು. ಹೆಸರು ‘ಮಾರ್ಟಿನೀಕ್’. ಬೆವರ್ಲಿ ಹಿಲ್ಸ್ ಹೋಟೆಲಿನ ಮೊಗಸಾಲೆಗಳಿಗೆ ಅಂಟಿಸಿದ ಮೇಲೆ ಲೋಕಪ್ರಸಿದ್ಧವಾಯಿತು. ಈಗ ನಾವು ಆನ್‌ಲೈನಿನಲ್ಲಿ ಕೊಳ್ಳುವುದೆಲ್ಲ ಅದರ ಮೊಮ್ಮಕ್ಕಳು. ಅಂದರೆ ಬಾಳೆ ಬೆಳೆಯದವರು ಕಂಡ ಬಾಳೆಯ ಕನಸನ್ನು ಬಾಳೆ ಬೆಳೆಯುವವರು ಹಣ ಕೊಟ್ಟು ತರಿಸಿಕೊಳ್ಳುತ್ತಿದ್ದೇವೆ.

ಕುಂದಾಪುರದ ಗಾಳಿ
ಇದನ್ನೇ ನಾನು ಹೇಳಿದ್ದು. ನಮ್ಮ ಮನೆಯಲ್ಲಿ ಬಾಳೆ ಎಲೆ ಮಲಗುವ ಕೋಣೆಗೆ ಬಂದದ್ದು ಒಂದೇ ಸಲ, ಅಜ್ಜನಿಗೆ ಸಿಡುಬು ಬಂದಾಗ ಅದರ ಮೇಲೆ ಮಲಗಿಸಿದ್ದರಂತೆ. ನಮ್ಮ ಕಡೆ ಮನೆ ಕಟ್ಟುವ ವಿದ್ಯೆಯೆಂದರೆ ಹಸಿರನ್ನು ಹೊರಗಿಡುವ ವಿದ್ಯೆ. ಜೂನ್ ಬಂದರೆ ಅಂಗಳ ಪಾಚಿ, ಮೆಟ್ಟಿಲು ಪಾಚಿ, ಬಾವಿಕಟ್ಟೆ ಪಾಚಿ, ಕನ್ನಡಕದ ಪೆಟ್ಟಿಗೆಯೊಳಗೂ ಬೂಸಲು. ನೀವು ದುಡ್ಡು ಕೊಟ್ಟು ಒಳಗೆ ಕರೆಯುತ್ತೀರಿ.

ದುರ್ಗದ ಬಿಸಿಲು
ನೀವು ನೀರಿದ್ದ ಊರಿನವರು, ನಗಬಹುದು. ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗದ ಪಕ್ಕದ ಹಳ್ಳಿಯಲ್ಲಿ. ಬೇಸಿಗೆಯಲ್ಲಿ ಕಿಟಕಿಯಿಂದ ಕಾಣುತ್ತಿದ್ದದ್ದು ಬಂಡೆ, ಜಾಲಿ, ಮತ್ತೆ ಬಂಡೆ. ಮನೆಯ ಮುಂದೆ ಅಮ್ಮ ಒಂದು ತೊಂಡೆಬಳ್ಳಿ ಹಬ್ಬಿಸಿದ್ದರು, ಪಾತ್ರೆ ತೊಳೆದ ನೀರು ಅದಕ್ಕೆ. ಟ್ಯಾಂಕರ್ ಬಾರದ ವಾರ ಅದಕ್ಕೂ ಇಲ್ಲ. ಅದು ಒಣಗಿದ ದಿನ ಅಮ್ಮ ಊಟ ಮಾಡಿರಲಿಲ್ಲ. ನನಗೆ ಅಗಲ ಎಲೆ ಬೇಕು. ಬೆಳಿಗ್ಗೆ ಕಣ್ಣು ಬಿಟ್ಟಾಗ ಮೊದಲು ಹಸಿರೇ ಕಾಣಬೇಕು. ಇದರಲ್ಲಿ ಅಕ್ಷಾಂಶದ ಪ್ರಶ್ನೆ ಎಲ್ಲಿಂದ ಬಂತು?

ಕುಂದಾಪುರದ ಗಾಳಿ
ತಪ್ಪಾಯಿತು. ನಿಜವಾಗಿ ಹೇಳುತ್ತಿದ್ದೇನೆ. ಬಾಳೆ ಎಲೆ ಹಾಕಿಕೊಳ್ಳಿ.

ಅರ್ಧ ಲೋಟ ಕಾಫಿ
ಈ ವೇದಿಕೆಯಲ್ಲಿ ಒಬ್ಬರು ಕ್ಷಮೆ ಕೇಳಿದ್ದು ನೋಡಿದ ಸಾಕ್ಷಿ ನಾನು.

ಸಾಗರದ ಮಳೆ
ಎರಡೂ ಕಡೆಯ ಮಾತು ನನಗೆ ಅರ್ಥವಾಗುತ್ತದೆ. ನಮ್ಮ ಹಳೆಯ ಮನೆಯ ಮಲಗುವ ಕೋಣೆಯಲ್ಲಿ ಹಗಲಲ್ಲೂ ಕತ್ತಲೆ. ಮಾಡಿನಲ್ಲಿ ಎರಡು ಗಾಜಿನ ಹಂಚು ಇದ್ದವು, ಅಷ್ಟೇ. ಹನ್ನೊಂದು ಗಂಟೆಗೆ ಬಿಸಿಲಿನ ಒಂದು ಚೌಕ ಕೆಂಪು ನೆಲದ ಮೇಲೆ ಬೀಳುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಗೋಡೆ ಹತ್ತುತ್ತಿತ್ತು. ಜ್ವರ ಬಂದು ಮಲಗಿದಾಗ ಆ ಚೌಕ ಎಲ್ಲಿದೆ ಎಂದು ನೋಡಿ ಊಟದ ಹೊತ್ತು ಹೇಳುತ್ತಿದ್ದೆವು. ಆ ಕೋಣೆಯಲ್ಲಿ ಒಂದೇ ಒಂದು ಗಿಡ ಇರಲಿಲ್ಲ, ಎಲೆಯ ಚಿತ್ರವೂ ಇರಲಿಲ್ಲ. ಆದರೆ ನನಗೆ ಈಗಲೂ ತಂಪು ಕೋಣೆ ಎಂದರೆ ಅದೇ.

ಹೇಳಬೇಕಾದದ್ದು ಇಷ್ಟು: ಶ್ರೀಲಂಕಾದ ಆ ಕೋಣೆಯಲ್ಲಿ ನಿಮಗೆ ಹಿಡಿಸಿದ್ದು ವಸ್ತುಗಳೋ, ಬೆಳಕು ಬರುತ್ತಿದ್ದ ರೀತಿಯೋ? ಒಮ್ಮೆ ಯೋಚಿಸಿ. ಮೊದಲು ಆ ಟ್ಯೂಬ್‌ಲೈಟ್ ಕಿತ್ತುಹಾಕಿ. 2700 ಕೆಲ್ವಿನ್ ಎಂದು ಬರೆದಿರುವ ಹಳದಿ ಬೆಳಕಿನ ಎರಡು ಬಲ್ಬುಗಳನ್ನು ಕಣ್ಣಿಗಿಂತ ಕೆಳಗೆ, ಮಂಚದ ಎತ್ತರದಲ್ಲಿ ಇಡಿ. ಆಮೇಲೂ ವಾರ್ಡು ಅನಿಸಿದರೆ ಮುಂದಿನ ಖರ್ಚು ಮಾಡಿ.

ಬೆತ್ತದ ಬುಟ್ಟಿ
ಮಂಚದ ವಿಷಯಕ್ಕೆ ಬರುತ್ತೇನೆ. ಜನ ಬಿದಿರು, ಬೆತ್ತ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಬಿದಿರು ಹುಲ್ಲಿನ ಜಾತಿ, ಒಳಗೆ ಟೊಳ್ಳು. ಬೆತ್ತ ತಾಳೆಯ ಜಾತಿಯ ಮುಳ್ಳುಬಳ್ಳಿ, ಒಳಗೆ ಗಟ್ಟಿ. ಅದಕ್ಕೇ ಬೆತ್ತ ಬಿಸಿಗೆ ಹಿಡಿದರೆ ಬಾಗುತ್ತದೆ. ಕುರ್ಚಿಯ ಕೈ, ತೊಟ್ಟಿಲ ಬಾಗು ಎಲ್ಲ ಅದರಲ್ಲೇ. ನೀವು ಲಂಕೆಯಲ್ಲಿ ಕಂಡದ್ದು ಬೆತ್ತ. ಇಲ್ಲಿ ಕೊಳ್ಳಲು ಹೊರಟಿರುವುದು ಬಿದಿರು. ಅಂಗಡಿಯವರು ತೋರಿಸುವುದು ಬಹಳಷ್ಟು ಸಲ ಪ್ಲಾಸ್ಟಿಕ್ಕಿನ ಹೆಣಿಗೆ. ಉಗುರಿನಿಂದ ಗೀರಿ ನೋಡಿ. ಎಲ್ಲ ಎಳೆಯೂ ಒಂದೇ ದಪ್ಪ, ಒಂದೇ ಬಣ್ಣ ಇದ್ದರೆ ಅದು ಕಾರ್ಖಾನೆಯ ಮಾಲು.

ಹಳೆಯ ಸಾಮಾನು
ಬಿದಿರಿನ ಮಂಚದ ಕಥೆ ನನ್ನಲ್ಲಿದೆ. ಬೀದಿ ಬದಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದೆ. ಮೂರನೇ ತಿಂಗಳು ನೆಲದ ಮೇಲೆ ಸಣ್ಣ ಗೋಪುರಗಳು, ಗೋಧಿಹಿಟ್ಟು ಚೆಲ್ಲಿದಂತೆ. ಗುಡಿಸಿದೆವು, ಮತ್ತೆ ಬಂದವು. ರಾತ್ರಿ ದೀಪ ಆರಿಸಿದರೆ ‘ಕರ್ ಕರ್’ ಸದ್ದು. ಹೆಂಡತಿಗೆ ನನ್ನ ಹಲ್ಲು ಕಡಿತವೆಂದು ಅನುಮಾನ, ನನಗೆ ಅವಳದ್ದೆಂದು. ಕೊನೆಗೆ ಕುಟ್ಟೆಹುಳ. ಒಂದು ಭಾನುವಾರ ಮಧ್ಯಾಹ್ನ ಕಾಲಿನ ಕಡೆಯ ಅಡ್ಡಪಟ್ಟಿ ಮುರಿಯಿತು. ಮಂಚದ ಮೇಲೆ ಭಾವ ಕುಳಿತಿದ್ದರು. ಅವರು ಇವತ್ತಿಗೂ ನಮ್ಮ ಮನೆಯಲ್ಲಿ ಕುಳಿತುಕೊಳ್ಳುವ ಮೊದಲು ಕುರ್ಚಿಯನ್ನು ಅಲ್ಲಾಡಿಸಿ ನೋಡುತ್ತಾರೆ.

ಬೆತ್ತದ ಬುಟ್ಟಿ
ಬಿದಿರಿನ ತಪ್ಪಲ್ಲ, ಸಂಸ್ಕರಿಸದೆ ಮಾರಿದವರ ತಪ್ಪು. ಬಿದಿರಿನೊಳಗೆ ಪಿಷ್ಟ ಇರುತ್ತದೆ, ಹುಳಕ್ಕೆ ಬೇಕಾದದ್ದು ಅದೇ. ನಮ್ಮ ಕಡೆಯ ಮೇದಾರರು ಕಡಿದ ಬಿದಿರನ್ನು ವಾರಗಟ್ಟಲೆ ಹರಿಯುವ ನೀರಿನಲ್ಲಿ ಮುಳುಗಿಸಿಡುತ್ತಿದ್ದರು, ಪಿಷ್ಟ ತೊಳೆದು ಹೋಗಲಿ ಎಂದು. ಎಳೆಯ ಬಿದಿರನ್ನು ಮುಟ್ಟುತ್ತಿರಲಿಲ್ಲ. ಈಗ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸುತ್ತಾರೆ. ಕೊಳ್ಳುವಾಗ ‘ಯಾವುದರಲ್ಲಿ ನೆನೆಸಿದ್ದೀರಿ’ ಎಂದು ಕೇಳಿ. ಉತ್ತರ ‘ವಾರ್ನಿಶ್ ಹೊಡೆದಿದ್ದೇವೆ ಮೇಡಂ’ ಎಂದಾದರೆ ನಮಸ್ಕಾರ ಹೇಳಿ ಹೊರಡಿ. ವಾರ್ನಿಶ್ ಹುಳಕ್ಕೆ ಬಾಗಿಲು ಹಾಕುತ್ತದೆ, ಒಳಗಿರುವ ಹುಳಕ್ಕೆ.

ಅರ್ಧ ಲೋಟ ಕಾಫಿ
ಭಾವನಿಗೆ ಏನೂ ಆಗಲಿಲ್ಲವೇ?

ಹಳೆಯ ಸಾಮಾನು
ಭಾವನಿಗೆ ಏನೂ ಆಗಲಿಲ್ಲ. ಸಂಬಂಧಕ್ಕೆ ಸ್ವಲ್ಪ ಆಯಿತು.

ಗಿಡಗಳ ಮಾವ
ಗಿಡದ ವಿಷಯ ಯಾರೂ ಎತ್ತಲಿಲ್ಲ. ದಕ್ಷಿಣದ ಒಂದೇ ಕಿಟಕಿ ಎಂದಿದ್ದೀರಿ. ಕಿಟಕಿಯಿಂದ ನಾಲ್ಕಡಿ ಒಳಗೆ ಬಂದರೆ ನಮಗೆ ಬೆಳಕು ಕಾಣುತ್ತದೆ, ಗಿಡಕ್ಕೆ ಅದು ಕತ್ತಲೆ. ನಾಲ್ಕೈದು ಕುಂಡ ಬೇಡ. ಒಂದು ದೊಡ್ಡದು, ಒಂದು ಸಣ್ಣದು ಸಾಕು. ಲಾಲ್‌ಬಾಗಿನ ಹತ್ತಿರ ಸಿದ್ಧಾಪುರದ ನರ್ಸರಿಗಳಲ್ಲಿ ಒಂದು ಬೆಳಗ್ಗೆ ಸುತ್ತಿ. ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಹೋಗಬೇಡಿ, ಜನಜಂಗುಳಿಯಲ್ಲಿ ಗಿಡದ ಬುಡ ನೋಡಲೂ ಆಗುವುದಿಲ್ಲ.

ಅರೆಕಾ ಪಾಮ್ ಎಂದು ಮಾರುವುದು ನಮ್ಮ ಅಡಿಕೆಮರವಲ್ಲ, ಮಡಗಾಸ್ಕರ್‌ನ ಗಿಡ. ಕಿಟಕಿಗೆ ತಾಗಿದಂತೆ ಇಟ್ಟರೆ ಚೆನ್ನಾಗಿ ಬರುತ್ತದೆ. ಎಲೆಗಳಲ್ಲಿ ತೂತು ಇರುವ ಮಾನ್‌ಸ್ಟೆರಾ ಮೆಕ್ಸಿಕೋ ಕಡೆಯದು, ಕಾಡಿನಲ್ಲಿ ಮರ ಹತ್ತುವ ಬಳ್ಳಿ. ತೆಂಗಿನ ನಾರು ಸುತ್ತಿದ ಕೋಲು ಕೊಟ್ಟರೆ ಎಲೆ ದೊಡ್ಡದಾಗುತ್ತದೆ, ಕೊಡದಿದ್ದರೆ ಕೋಣೆಯ ತುಂಬ ಕಾಲು ಚಾಚುತ್ತದೆ. ಎ.ಸಿ. ಗಾಳಿ ನೇರ ಬೀಳುವ ಕಡೆ ಎರಡನ್ನೂ ಇಡಬೇಡಿ, ಎಲೆಯ ತುದಿ ಸುಟ್ಟಂತಾಗುತ್ತದೆ. ಬೋರ್‌ವೆಲ್ ನೀರಿನ ಗಡಸುತನಕ್ಕೂ ಹಾಗೇ ಆಗುತ್ತದೆ. ಮಳೆನೀರು ಒಂದು ಬಕೆಟ್ ಹಿಡಿದಿಡಿ.

ಬಾಳೆಗಿಡವನ್ನೇ ಒಳಗೆ ತರಲು ಮಾತ್ರ ಹೋಗಬೇಡಿ. ನಾನು ಹೋಗಿದ್ದೆ. ಮೇಲ್ಚಾವಣಿ ಮುಟ್ಟಲು ಅದಕ್ಕೆ ಏಳು ತಿಂಗಳು ಸಾಕಾಯಿತು.

ಎರಡು ಬೆಕ್ಕುಗಳ ತಾಯಿ
ಮಾವ, ಮಾನ್‌ಸ್ಟೆರಾ ಹೇಳುವಾಗ ಅದರ ವಿಷದ ಮಾತೂ ಹೇಳಬೇಕು. ಅದರಲ್ಲೂ ಮನಿಪ್ಲಾಂಟಿನಲ್ಲೂ ಡೀಫನ್‌ಬಾಕಿಯಾದಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಕೆಸುವಿನ ಸೊಪ್ಪು ಹುಳಿ ಹಾಕದೆ ಬೇಯಿಸಿದರೆ ಗಂಟಲು ಕೆರೆಯುವುದು ಇದರಿಂದಲೇ. ನನ್ನ ಸಣ್ಣ ಬೆಕ್ಕು ಒಂದು ಎಲೆ ಕಚ್ಚಿ ಇಡೀ ರಾತ್ರಿ ಜೊಲ್ಲು ಸುರಿಸಿತು. ಅಂಬೆಗಾಲಿಡುವ ಮಗು ಇದ್ದರೂ ಎಚ್ಚರ. ಅರೆಕಾ ಪಾಮ್‌ನಿಂದ ಬೆಕ್ಕಿಗೆ ತೊಂದರೆ ಇಲ್ಲ, ಬೆಕ್ಕಿನಿಂದ ಅದಕ್ಕೆ ಇದೆ.

ತಗಾದೆ ತಮ್ಮಣ್ಣ
ಎಲ್ಲರೂ ‘ಟ್ರಾಪಿಕಲ್’ ಫೋಟೋದಲ್ಲಿ ಹಾಕುವ ಬರ್ಡ್ ಆಫ್ ಪ್ಯಾರಡೈಸ್ ಹೂವು ದಕ್ಷಿಣ ಆಫ್ರಿಕಾದ್ದು. ಅದು ಉಷ್ಣವಲಯವೇ ಅಲ್ಲ, ಅದರ ಕೆಳಗಿನದು. ಯಾರೂ ಗಮನಿಸುವುದಿಲ್ಲ.

ಅರ್ಧ ಲೋಟ ಕಾಫಿ
ನೀವು ಗಮನಿಸಿದ್ದೀರಲ್ಲ, ಸಾಕು.

ಸೊಸೆ ನಂಬರ್ ಎರಡು
ಮಲಗುವ ಕೋಣೆಯಲ್ಲಿ ಗಿಡ ಇಟ್ಟರೆ ರಾತ್ರಿ ಅದು ಇಂಗಾಲದ ಡೈಆಕ್ಸೈಡ್ ಬಿಟ್ಟು ಉಸಿರು ಕಟ್ಟುತ್ತದೆ ಎಂದು ನಮ್ಮ ಅತ್ತೆ ಪ್ರತಿ ರಾತ್ರಿ ಒಂಬತ್ತಕ್ಕೆ ಕುಂಡ ಹೊರಗಿಡಿಸುತ್ತಾರೆ, ಬೆಳಿಗ್ಗೆ ಆರಕ್ಕೆ ನಾನು ಒಳಗಿಡುತ್ತೇನೆ. ಎಂಟು ಕಿಲೋ ಕುಂಡ. ವ್ಯಾಯಾಮ ಎಂದುಕೊಂಡಿದ್ದೇನೆ. ನಿಜವೇ ಇದು?

ಲೆಕ್ಕದ ಮೇಷ್ಟ್ರು
ರಾತ್ರಿ ಗಿಡ ಉಸಿರಾಡುವುದು ನಿಜ, ಉಸಿರು ಕಟ್ಟುವುದು ಸುಳ್ಳು. ಪಕ್ಕದಲ್ಲಿ ಮಲಗಿದ ಗಂಡ ಬಿಡುವುದರ ಮುಂದೆ ಒಂದು ಕುಂಡ ಬಿಡುವುದು ಲೆಕ್ಕಕ್ಕೇ ಬರುವುದಿಲ್ಲ. ಅತ್ತೆಯವರ ತರ್ಕದಂತೆ ಮೊದಲು ಹೊರಗಿಡಬೇಕಾದದ್ದು ಮಗನನ್ನು.

ಇದರ ಉಲ್ಟಾ ನಂಬಿಕೆಯೂ ಅಷ್ಟೇ ಟೊಳ್ಳು. ‘ಗಿಡ ಗಾಳಿ ಶುದ್ಧ ಮಾಡುತ್ತದೆ, ನಾಸಾ ಹೇಳಿದೆ’ ಎಂದು ನರ್ಸರಿಗಳಲ್ಲಿ ಬೋರ್ಡು ಹಾಕಿರುತ್ತಾರೆ. ನಾಸಾದ 1989ರ ಆ ಪ್ರಯೋಗ ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯಲ್ಲಿ. 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದಾಗ ಸಿಕ್ಕ ಉತ್ತರ: ಸಾಮಾನ್ಯ ಕಟ್ಟಡದಲ್ಲಿ ತಾನಾಗಿ ಗಾಳಿ ಆಡಿ ಆಗುವಷ್ಟು ಶುದ್ಧಿ ಗಿಡಗಳಿಂದ ಆಗಬೇಕಾದರೆ ಒಂದು ಚದರ ಮೀಟರ್‌ಗೆ 10ರಿಂದ 1000 ಗಿಡ ಬೇಕು. 11 ಅಡಿಗೆ 12 ಅಡಿ ಎಂದರೆ ಸುಮಾರು 12 ಚದರ ಮೀಟರ್. ಕನಿಷ್ಠ 120 ಕುಂಡ. ಮಂಚ ಎಲ್ಲಿ ಹಾಕುತ್ತೀರಿ? ಗಿಡ ಇಡುವುದು ಕಣ್ಣಿಗೆ ಚಂದ ಎಂದು. ಗಾಳಿಗೆ ಕಿಟಕಿ ತೆರೆಯಿರಿ.

ಸೊಸೆ ನಂಬರ್ ಎರಡು
ಮಗನನ್ನು ಹೊರಗಿಡುವ ಸಾಲು ಬಿಟ್ಟು ಉಳಿದದ್ದನ್ನು ಅತ್ತೆಗೆ ಓದಿ ಹೇಳಿದೆ. ‘ಯಾವ ಮೇಷ್ಟ್ರು, ಯಾವ ಊರು’ ಎಂದು ಕೇಳಿದರು. ಕುಂಡ ಇವತ್ತು ರಾತ್ರಿಯೂ ಹೊರಗೇ.

ಜ್ವರದಿಂದ ಎದ್ದವ
ಕಿಟಕಿ ತೆರೆಯಿರಿ ಎನ್ನುವುದು ಸುಲಭ. ಹೋದ ಆಗಸ್ಟ್‌ನಲ್ಲಿ ನನಗೆ ಡೆಂಗಿ. ಪಾಲಿಕೆಯ ಕಡೆಯಿಂದ ಲಾರ್ವಾ ಹುಡುಕಲು ಬಂದ ಹುಡುಗಿ ಚರಂಡಿ, ಟ್ಯಾಂಕು ಎಲ್ಲ ನೋಡಿ ಕೊನೆಗೆ ನನ್ನ ತಲೆದಿಂಬಿನ ಪಕ್ಕದ ಮನಿಪ್ಲಾಂಟ್ ಬಾಟಲಿಗೆ ಟಾರ್ಚ್ ಹಾಕಿದಳು. ಒಳಗೆ ಕುಣಿಯುತ್ತಿದ್ದವು. ಗಾಜಿನ ಬಾಟಲಿ, ಬಣ್ಣದ ಕಲ್ಲು, ತಿಳಿನೀರು, ನನ್ನದೇ ಅಲಂಕಾರ. ಈಡಿಸ್ ಸೊಳ್ಳೆಗೆ ತಿಳಿನೀರೇ ಇಷ್ಟ, ಕಚ್ಚುವುದೂ ಹೆಚ್ಚಾಗಿ ಹಗಲಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನೀರು ಚೆಲ್ಲಿದರೂ ಅಂಚಿಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿಕೊಂಡೇ ಬದುಕಿರುತ್ತದೆ. ಹಾಗಾಗಿ ಕುಂಡದ ಕೆಳಗಿನ ತಟ್ಟೆಯನ್ನು ವಾರಕ್ಕೊಮ್ಮೆ ತಿಕ್ಕಿ ತೊಳೆಯಬೇಕು. ಅದು ಆಗದಿದ್ದರೆ ತಟ್ಟೆಗೆ ಮರಳು ತುಂಬಿ.

ನನ್ನ ಪ್ಲೇಟ್‌ಲೆಟ್ ಇಳಿದ ಕಥೆ ಬೇರೆ. ಪಪ್ಪಾಯಿ ಎಲೆಯ ರಸ ಕುಡಿ ಎಂದು ಹದಿನಾರು ಜನ ಹೇಳಿದರು. ಹೇಳಿದವರಲ್ಲಿ ಒಬ್ಬರೂ ಎಲೆ ತಂದುಕೊಡಲಿಲ್ಲ.

ದುರ್ಗದ ಬಿಸಿಲು
ಅಂದರೆ ಸೊಳ್ಳೆಪರದೆ ಬರೀ ಚಂದಕ್ಕಲ್ಲ, ಬೇಕೇ ಬೇಕು. ಛತ್ರಿಯಂತೆ ಮೇಲಿನಿಂದ ಇಳಿಬಿಡುವಂಥದ್ದು ನೋಡಿದ್ದೇನೆ.

ಕುಂದಾಪುರದ ಗಾಳಿ
ಛತ್ರಿಯ ಆಕಾರದ್ದು ಬೇಡ. ಫೋಟೋಗೆ ಚಂದ, ಮಲಗಿದರೆ ಬದಿಗಳು ಒಳಗೆ ಬಂದು ಮೊಣಕೈಗೆ ತಾಗುತ್ತವೆ, ಸೊಳ್ಳೆ ಹೊರಗೆ ಕುಳಿತೇ ಊಟ ಮುಗಿಸುತ್ತದೆ. ಮೇಲೆ ಫ್ಯಾನು ಬೇರೆ. ನಾಲ್ಕು ಮೂಲೆಯ ಪೆಟ್ಟಿಗೆ ಆಕಾರದ ಹತ್ತಿಯ ಪರದೆ ತನ್ನಿ. ಅಂಚು ಹಾಸಿಗೆಯ ಅಡಿಗೆ ಸಿಕ್ಕಿಸುವಷ್ಟು ಉದ್ದ ಇರಬೇಕು. ನಮ್ಮಲ್ಲಿ ಮಕ್ಕಳ ಕೆಲಸ ಅದು, ಸಂಜೆ ದೀಪ ಹಚ್ಚುವ ಮೊದಲು ಪರದೆ ಇಳಿಸುವುದು. ತಡಮಾಡಿದರೆ ಒಳಗೆ ಸಿಕ್ಕಿಕೊಂಡ ಸೊಳ್ಳೆಯನ್ನು ಹೊಡೆದ ಮೇಲೇ ಊಟ.

ಮಿಶಿಗನ್ ಚಳಿ
ಮೈನಸ್ 12 ಡಿಗ್ರಿಯಲ್ಲಿ ಕುಳಿತು ಇದನ್ನೆಲ್ಲ ಓದುತ್ತಿದ್ದೇನೆ. ಇಲ್ಲಿ ಜನವರಿಯಲ್ಲಿ ಹೀಟರ್ ಹಾಕಿದ ಕೋಣೆಯ ಗಾಳಿ ಎಷ್ಟು ಒಣಗಿರುತ್ತದೆ ಎಂದರೆ ಬಾಗಿಲ ಹಿಡಿ ಮುಟ್ಟಿದರೆ ಕಿಡಿ ಹಾರುತ್ತದೆ. ನನ್ನ ಕಲಾಥಿಯಾ ಗಿಡಕ್ಕೆ ತೇವ ಕೊಡುವ ಒಂದು ಯಂತ್ರ, ಬೆಳಕು ಕೊಡುವ ಇನ್ನೊಂದು ದೀಪ. ಕರೆಂಟ್ ಬಿಲ್ ನೋಡಿ ಗಂಡ ಗಿಡಕ್ಕೆ ಹೆಸರಿಟ್ಟಿದ್ದಾರೆ, ‘ಬಾಡಿಗೆದಾರ’. ಆದರೂ ಕಿಟಕಿಯ ಹೊರಗೆ ನಾಲ್ಕು ತಿಂಗಳು ಬಿಳಿ ಮಾತ್ರ ಕಂಡಾಗ ಆ ಒಂದು ಎಲೆ ಬಿಚ್ಚಿಕೊಳ್ಳುವುದನ್ನು ಕಾಯುತ್ತಾ ಕೂರುತ್ತೇನೆ. ದುರ್ಗದ ಅಕ್ಕ, ನಿಮ್ಮ ಮಾತು ನನಗೆ ಪೂರ್ತಿ ಅರ್ಥವಾಗುತ್ತದೆ. ನಮ್ಮಿಬ್ಬರದೂ ಬರಗಾಲವೇ, ಬಣ್ಣ ಬೇರೆ.

ಪುಸ್ತಕದ ಹುಳು
ಶ್ರೀಲಂಕಾ ಎಂದಿರಿ, ಅದಕ್ಕೆ ಹೇಳುತ್ತೇನೆ. ಇವತ್ತು ನಾವು ‘ರೆಸಾರ್ಟ್ ಥರ’ ಎನ್ನುವುದರ ಹಿಂದೆ ಬಹುಮಟ್ಟಿಗೆ ಇರುವವರು ಅಲ್ಲಿನ ವಾಸ್ತುಶಿಲ್ಪಿ ಜೆಫ್ರಿ ಬಾವಾ. ಮೊದಲು ವಕೀಲರಾಗಿದ್ದವರು. 1948ರಲ್ಲಿ ಬೆಂಟೋಟದ ಹತ್ತಿರ ರಬ್ಬರ್ ತೋಟವೊಂದನ್ನು ಕೊಂಡು, ಅದನ್ನು ಲುನುಗಂಗಾ ಎಂಬ ತಮ್ಮ ಮನೆ-ತೋಟವಾಗಿ ತಿದ್ದುತ್ತಾ ತಿದ್ದುತ್ತಾ 2003ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ. ಅವರ ಕೋಣೆಗಳ ಫೋಟೋ ನೋಡಿ. ಬಿಳಿ ಗೋಡೆ, ಸಾದಾ ನೆಲ, ಹಳೆಯ ಮರದ ಎರಡೋ ಮೂರೋ ಸಾಮಾನು. ಗೋಡೆಯ ಮೇಲೆ ಎಲೆಯ ಚಿತ್ರವಿಲ್ಲ, ಕಿಟಕಿ ಎಲ್ಲಿ ಇಟ್ಟರೆ ಮರ ಕಾಣುತ್ತದೆ ಎಂಬುದರಲ್ಲೇ ಅವರ ಜಾಣ್ಮೆ ಎಲ್ಲ. ಸಾಗರದವರು ಹೇಳಿದ್ದೂ ಇದನ್ನೇ.

ತಗಾದೆ ತಮ್ಮಣ್ಣ
ತೋಟದ ನಡುವೆ ಕಿಟಕಿ ಇಡುವುದು ಸರಿ. ಬೆಂಗಳೂರಿನ ಮೂರನೇ ಮಹಡಿಯಲ್ಲಿ ಕಿಟಕಿ ತೆರೆದರೆ ಕಾಣುವುದು ಪಕ್ಕದ ಫ್ಲ್ಯಾಟಿನ ಒಣಹಾಕಿದ ಬನಿಯನ್ನು. ಬಾವಾ ಅವರು ಅದಕ್ಕೆ ಏನು ಮಾಡುತ್ತಿದ್ದರು?

ಸುಣ್ಣ ಬಳಿಯುವವ
ಬಿದಿರಿನ ಕಡ್ಡಿ ಹೆಣೆದ ‘ಚಿಕ್’ ಪರದೆ ಹಾಕುತ್ತಿದ್ದರು. ಬನಿಯನ್ನು ಮುಚ್ಚುತ್ತದೆ, ಬೆಳಕು ಗೆರೆಗೆರೆಯಾಗಿ ಬರುತ್ತದೆ, ಬೆಲೆಯೂ ಕಡಿಮೆ. ಕಿಟಕಿಯ ಅಂಚಿಗೆ ಪೆಟ್ಟಿಗೆ ಕುಂಡ ಕೂರಿಸಿದರೆ ಹಸಿರಿನ ಆಚೆಗೆ ಬನಿಯನ್ನು, ಅಷ್ಟೇನೂ ಬಾಧಿಸುವುದಿಲ್ಲ.

ಸೇಡಂ ರೋಡ್
ದುರ್ಗದವರಿಗೆ ಕಲಬುರಗಿಯಿಂದ ಒಂದು ಮಾತು. ನಮ್ಮ ನಿಮ್ಮ ಒಣ ಸೀಮೆಯ ಕೋಣೆಯ ತಂಪು ಅಂದರೆ ಲಾವಂಚದ ತಟ್ಟಿ. ಕಿಟಕಿಗೆ ಕಟ್ಟಿ ನೀರು ಚಿಮುಕಿಸಿದರೆ ಬಿಸಿಗಾಳಿ ಒದ್ದೆ ಬೇರಿನ ಮೂಲಕ ಬಂದು ತಣ್ಣಗಾಗುತ್ತದೆ, ಜೊತೆಗೆ ಆ ವಾಸನೆ. ಮೇ ತಿಂಗಳಲ್ಲಿ ನಮ್ಮ ಅಜ್ಜಿಯ ಕೋಣೆಯಿಂದ ಯಾರೂ ಹೊರಗೆ ಬರುತ್ತಿರಲಿಲ್ಲ. ಇದು ಕುಂದಾಪುರದಲ್ಲಿ ನಡೆಯುವುದಿಲ್ಲ, ಅಲ್ಲಿ ಗಾಳಿಯೇ ಒದ್ದೆ, ನೀರು ಆರುವುದಾದರೂ ಎಲ್ಲಿಗೆ? ಬೆಂಗಳೂರಿನ ಮಾರ್ಚ್-ಏಪ್ರಿಲ್‌ಗೆ ನಡೆಯುತ್ತದೆ.

ಕುಂದಾಪುರದ ಗಾಳಿ
ಕೊನೆಗೂ ಕುಂದಾಪುರದಲ್ಲಿ ಇಲ್ಲದ ಒಂದು ವಸ್ತು ಸಿಕ್ಕಿತು. ಇರಲಿ, ನಮ್ಮದೂ ಒಂದು ತೆಗೆದುಕೊಳ್ಳಿ: ಮುಂಡಕನ ಓಲೆಯ ಚಾಪೆ. ಕೇದಗೆಯ ಜಾತಿಯ ಗಿಡ, ಎಲೆಯ ಮುಳ್ಳು ಸೀಳಿ ತೆಗೆದು, ಬೇಯಿಸಿ, ಒಣಗಿಸಿ ಹೆಣೆಯುತ್ತಾರೆ. ಮಲಗಿದರೆ ಬೆನ್ನಿಗೆ ತಣ್ಣಗೆ. ಗೋಡೆಗೆ ತೂಗುಹಾಕಿದರೆ ನಿಮ್ಮ ವಾಲ್‌ಪೇಪರಿಗಿಂತ ಎಷ್ಟೋ ಚಂದ, ಹಿಂದೆ ಗಾಳಿಯೂ ಆಡುತ್ತದೆ. ಹೆಣೆಯುವ ಕೈಗಳು ಕಡಿಮೆಯಾಗಿವೆ, ಸಂತೆಯಲ್ಲಿ ಕಂಡರೆ ಬಿಡಬೇಡಿ.

ಅರ್ಧ ಲೋಟ ಕಾಫಿ
ಮೂಡೆ ಕಟ್ಟುವ ಎಲೆ ಅದೇ ಅಲ್ಲವೇ?

ಕುಂದಾಪುರದ ಗಾಳಿ
ಅದೇ. ಎಲೆಯನ್ನು ಬೆಂಕಿಗೆ ಬಾಡಿಸಿ ಸುರುಳಿ ಸುತ್ತಿ ಇಡ್ಲಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದರೆ ಮೂಡೆ.

ಅರ್ಧ ಲೋಟ ಕಾಫಿ
ಮಲಗುವ ಕೋಣೆ ಬಿಡಿ. ಬೆಂಗಳೂರಿನಲ್ಲಿ ಮೂಡೆಯ ಎಲೆ ಎಲ್ಲಿ ಸಿಗುತ್ತದೆ?

ತಗಾದೆ ತಮ್ಮಣ್ಣ
ಹಲಸಿನ ಎಲೆಯ ಕೊಟ್ಟೆ ಕಡುಬೇ ಮೇಲು. ಮೂಡೆಗೆ ಸುಮ್ಮನೆ ಹೆಸರು.

ಕುಂದಾಪುರದ ಗಾಳಿ
ಕ್ಷಮೆ ಕೇಳಿದವ ನಾನೇ ಎಂಬುದನ್ನು ಮರೆತು ಈಗ ಉತ್ತರಿಸುತ್ತೇನೆ, ತಮ್ಮಣ್ಣ.

*(ಇಲ್ಲಿಂದ ಮೂಡೆ, ಕೊಟ್ಟೆ ಕಡುಬಿನ ಹದಿನೇಳು ಉತ್ತರಗಳನ್ನು ಅಡುಗೆ ವಿಭಾಗಕ್ಕೆ ಸಾಗಿಸಲಾಗಿದೆ. – ನಿರ್ವಾಹಕ)*

ಸಾಗರದ ಮಳೆ
ಗೋಡೆಗೆ ಏನಾದರೂ ಬೇಕೇ ಬೇಕು ಎಂದಾದರೆ ಹಸೆ ಚಿತ್ತಾರ ಯೋಚಿಸಿ. ನಮ್ಮ ಕಡೆ ದೀವರ ಹೆಂಗಸರು ಮದುವೆಯ ಮನೆಯಲ್ಲಿ ಬರೆಯುವುದು. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿನಾರಿನ ಕುಂಚ. ಎಳೆ ತಪ್ಪಿದರೆ ಅಜ್ಜಿಯರು ಅಳಿಸಿ ಮತ್ತೆ ಬರೆಸುತ್ತಾರೆ. ಹೊಸ ಜೋಡಿಗೆಂದೇ ಬರೆಯುವ ಚಿತ್ರ, ಮಲಗುವ ಕೋಣೆಗೆ ಇದಕ್ಕಿಂತ ಹೊಂದುವುದು ಇಲ್ಲ. ದಯವಿಟ್ಟು ಸ್ಟಿಕ್ಕರ್ ತಂದು ಅಂಟಿಸಬೇಡಿ, ಬರೆಯುವವರಿಂದಲೇ ಬಟ್ಟೆಯ ಮೇಲೋ ಹಲಗೆಯ ಮೇಲೋ ಬರೆಸಿ, ಕೇಳಿದಷ್ಟು ಹಣ ಕೊಡಿ.

ದುರ್ಗದ ಬಿಸಿಲು
ಎಲ್ಲರಿಗೂ ನಮಸ್ಕಾರ. ಹಲವು ತಿಂಗಳಾಯಿತು, ವರದಿ ಒಪ್ಪಿಸುತ್ತೇನೆ.

ಜುಲೈನಲ್ಲಿ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮಾಡಿದೆ. ತೆಗೆದಾಗ ಹನಿಯಲ್ಲ, ಇಳಿಯುವ ನೀರು. ಕಟ್ಟಿದವರಿಗೆ ಫೋನು ಮಾಡಿದರೆ ‘ಅದು ಗೋಡೆಯ ಬೆವರು’ ಎಂದರು. ಜಗಳವಾಡಿ, ಕೊನೆಗೆ ನಮ್ಮದೇ ಹಣದಲ್ಲಿ ಹೊರಗಿನಿಂದ ಬಿರುಕು ಮುಚ್ಚಿಸಿ ನೀರು ತಡೆಯುವ ಬಣ್ಣ ಹೊಡೆಸಿದೆವು. 60,000ದಲ್ಲಿ 23,000 ಅಲ್ಲೇ ಹೋಯಿತು. ಒಳಗಿನ ಹಳೆಯ ಬಣ್ಣ ಕೆರೆದು ಸುಣ್ಣ ಬಳಿಸಿದೆ, ಸ್ವಲ್ಪ ಹಸಿರು ಬೆರೆಸಿ. ಒದ್ದೆಯಿದ್ದಾಗ ಪಾಚಿಯಂತಿತ್ತು, ಅತ್ತುಬಿಡುವುದೊಂದು ಬಾಕಿ. ಆರಿದ ಮೇಲೆ ಎಳೆ ಬಾಳೆಯ ಸುಳಿಯ ಬಣ್ಣ.

ಮಂಚ ಹಳೆಯದೇ. ಬೆತ್ತದ ಕುರ್ಚಿ ಒಂದು ಬಂತು, ಸೆಕೆಂಡ್ ಹ್ಯಾಂಡ್, ಕೂರುವ ಭಾಗದ ಹೆಣಿಗೆ ಮತ್ತೆ ಹಾಕಿಸಿದೆ. ಟ್ಯೂಬ್‌ಲೈಟ್ ಹೋಯಿತು. ಅರೆಕಾ ಪಾಮ್ ಒಂದು, ಅಡಿಯಲ್ಲಿ ಮರಳು ತುಂಬಿದ ತಟ್ಟೆ. ಪೆಟ್ಟಿಗೆ ಪರದೆ ಬಂತು. ಕುಂದಾಪುರದ ಗಾಳಿಯವರು ತಾವಾಗಿಯೇ ಬಸ್ಸಿನಲ್ಲಿ ಚಾಪೆ ಕಳಿಸಿದರು, ಹಣ ಕೇಳಿದರೆ ಅಕ್ಷಾಂಶ ಹೇಳುತ್ತಾರೆ. ಅನಾನಸು ದೀಪವನ್ನು ತಂದೆ. ಯಾರು ಏನೇ ಅನ್ನಲಿ, ಅದು ನನಗೆ ಬೇಕಿತ್ತು.

ಹೋದ ವಾರ ಅಮ್ಮ ಬಂದಿದ್ದರು. ಬಾಗಿಲಲ್ಲಿ ನಿಂತು ಗೋಡೆ ನೋಡಿದರು, ಗಿಡದ ಎಲೆ ಮುಟ್ಟಿದರು, ‘ಇದಕ್ಕೆ ದಿನಕ್ಕೆ ಎಷ್ಟು ನೀರು ಬೇಕು’ ಎಂದು ಕೇಳಿದರು. ವಾರಕ್ಕೆ ಎರಡು ಚೊಂಬು ಎಂದೆ. ರಾತ್ರಿ ಚಳಿಯೆಂದು ತಾವು ತಂದಿದ್ದ ಚಳ್ಳಕೆರೆಯ ಕರಿ ಕಂಬಳಿಯನ್ನು ನನ್ನ ಬಿಳಿ ಹೊದಿಕೆಯ ಮೇಲೆ ಹಾಸಿ, ಪರದೆ ಎತ್ತಿ ಒಳಗೆ ಸೇರಿ ಮಲಗಿಬಿಟ್ಟರು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಪಾತ್ರೆ ತೊಳೆದ ನೀರನ್ನು ಗಿಡಕ್ಕೆ ಹಾಕಿ ಆಗಿತ್ತು.

ಗಿಡಗಳ ಮಾವ
ಸೋಪು ಇತ್ತೇ ನೀರಿನಲ್ಲಿ?

ದುರ್ಗದ ಬಿಸಿಲು
ಇತ್ತು. ಎರಡು ಎಲೆ ಹಳದಿಯಾಗಿದೆ. ಅಮ್ಮನಿಗೆ ಹೇಳಿಲ್ಲ.

ಮಿಶಿಗನ್ ಚಳಿ
ಫೋಟೋ ಹಾಕಿ. ಕಂಬಳಿ ಇರುವುದು.

ತಗಾದೆ ತಮ್ಮಣ್ಣ
ಉಷ್ಣವಲಯದ ಕೋಣೆಯಲ್ಲಿ ಉಣ್ಣೆಯ ಕಂಬಳಿ. ನಾನು ಏನೂ ಹೇಳುವುದಿಲ್ಲ.

ಅರ್ಧ ಲೋಟ ಕಾಫಿ
ಎಲ್ಲ ಸರಿ. ಮೂಡೆ ಎಲೆ ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ ಎಂಬುದಕ್ಕೆ ಅಡುಗೆ ವಿಭಾಗದಲ್ಲೂ ಯಾರೂ ಉತ್ತರ ಕೊಟ್ಟಿಲ್ಲ.

ಕುಂದಾಪುರದ ಗಾಳಿ
ವಿಳಾಸ ಕಳಿಸಿ, ಮುಂದಿನ ಬಸ್ಸಿಗೆ ಹಾಕುತ್ತೇನೆ. ತಮ್ಮಣ್ಣನಿಗೆ ಒಂದು ಎಲೆಯನ್ನೂ ಕೊಡಬೇಡಿ.